ಫರ್ಡಿನಾಂಡನ ಮೇಲಿನ ನನ್ನ ಸಿಟ್ಟು

ಮಗಳು ಸ್ಪೇನಿಗೆ ಹೋಗಿ ಬಂದಳು. ಬರುವಾಗ ನನಗೆಂದು ಒಂದು ಮ್ಯಾಗ್ನೆಟ್ ತಂದಳು, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥದ್ದು. ಅದರ ಮೇಲೆ ಕಿರೀಟ ಇಟ್ಟುಕೊಂಡ ಒಬ್ಬ ಗಂಡಸು, ಪಕ್ಕದಲ್ಲಿ ಕಿರೀಟ ಇಟ್ಟುಕೊಂಡ ಒಬ್ಬ ಹೆಂಗಸು. ಗಂಡಸು ಅರಗಾನಿನ ಫರ್ಡಿನಾಂಡ್, ಹೆಂಗಸು ಕ್ಯಾಸ್ಟೀಲಿನ ಇಸಬೆಲ್ಲಾ. ಐದುನೂರು ವರ್ಷಗಳ ಹಿಂದೆ ಇವರಿಬ್ಬರೂ ಮದುವೆಯಾಗಿ ಎರಡು ರಾಜ್ಯಗಳನ್ನು ಒಂದು ಮನೆಯ ಆಸ್ತಿ ಮಾಡಿಕೊಂಡದ್ದರಿಂದಲೇ ಸ್ಪೇನಿನ ದೊಡ್ಡಸ್ತಿಕೆ ಶುರುವಾದದ್ದು. ಮಗಳು ಅದನ್ನು ಫ್ರಿಜ್ಜಿಗೆ ಅಂಟಿಸಿದಳು. ನಾನು ಕಿತ್ತು ಅಕ್ಕಿ ಡಬ್ಬದ ಹಿಂದೆ ಎಸೆದೆ.

"ಅಮ್ಮಾ, ಇಟ್ಸ್ ಜಸ್ಟ್ ಎ ಮ್ಯಾಗ್ನೆಟ್," ಎಂದಳು. ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಸಮಾಧಾನ ಹೇಳುವುದು ಅವಳು ಮಾತು ಕಲಿತಾಗಿನಿಂದ ನಡೆದುಬಂದ ಪದ್ಧತಿ.

"ಆ ಮನುಷ್ಯನ ಮುಖ ನೋಡ್ಕೊಂಡು ನಾನು ಹಾಲು ತಗೀಬೇಕಾ ದಿನಾ?" ಎಂದೆ.

ನಾನು ಸಿಟ್ಟಿನ ಹೆಂಗಸು ಎಂಬುದು ನೈರೋಬಿಯ ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಚಿಲ್ಲರೆ ಕೊಡದ ಮಟಾಟು ವ್ಯಾನಿನ ಕಂಡಕ್ಟರ್ ಮೇಲೆ ಸಿಟ್ಟು, ಫೋನಿನಲ್ಲಿ "ಆಮೇಲೆ ಮಾಡ್ತೀನಿ" ಎನ್ನುವವರ ಮೇಲೆ ಸಿಟ್ಟು, ಸಾರಿಗೆ ಸಕ್ಕರೆ ಹಾಕುವವರ ಮೇಲಂತೂ ಬಹಳ ಸಿಟ್ಟು. ಪಾರ್ಕ್‌ಲ್ಯಾಂಡ್ಸಿನ ಒಂದು ಖಾಸಗಿ ಶಾಲೆಯಲ್ಲಿ ದೊಡ್ಡ ತರಗತಿಗಳಿಗೆ ಯುರೋಪಿನ ಇತಿಹಾಸ ಕಲಿಸುತ್ತಿದ್ದೆ. ಮಕ್ಕಳು ಹಿಂದಿನಿಂದ ನನ್ನನ್ನು 'ಮಿಸೆಸ್ ಇನ್‌ಕ್ವಿಸಿಷನ್' ಎಂದು ಕರೆಯುತ್ತಿದ್ದರಂತೆ. ಕೇಳಿ ಬೇಸರವಾಗಲಿಲ್ಲ. ಧರ್ಮ ತಪ್ಪಿದವರೆಂದು ಜನರನ್ನು ಹಿಡಿದು ಹಿಂಸಿಸುತ್ತಿದ್ದ ಸ್ಪೇನಿನ ಆ ನ್ಯಾಯಸ್ಥಾನದ ಪಾಠ ತಲೆಗೆ ಹತ್ತಿದೆಯಲ್ಲ ಎಂದು ಸಂತೋಷವೇ ಆಯಿತು. ಆದರೆ ಬೇರೆ ಸಿಟ್ಟುಗಳೆಲ್ಲ ಊಟದ ಹೊತ್ತಿಗೆ ಇಳಿದುಹೋಗುತ್ತವೆ. ಫರ್ಡಿನಾಂಡನ ಮೇಲಿನದು ಮಾತ್ರ ಇಳಿಯುವುದಿಲ್ಲ.

ಹಾಗೆ ನೋಡಿದರೆ ರಾಜ ರಾಣಿಯರನ್ನು ಕಂಡರೆ ಕೈಮುಗಿಯುವ ಊರಿನವಳು ನಾನು. ಮೈಸೂರಿನಲ್ಲಿ ಹುಟ್ಟಿದವಳಿಗೆ ಅದು ಬೇಡವೆಂದರೂ ಬರುತ್ತದೆ. ದಸರೆಗೆ ನಮ್ಮಜ್ಜಿ ಪಟ್ಟದ ಗೊಂಬೆಗಳನ್ನು ಹಳೆಯ ಪಂಚೆಯಿಂದ ಬಿಡಿಸಿ, ಮರದ ರಾಜನಿಗೆ ಜರತಾರಿ ಪೇಟ, ಮರದ ರಾಣಿಗೆ ರೇಷ್ಮೆಯ ತುಂಡು ಸುತ್ತಿ, ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸುತ್ತಿದ್ದರು. ಕೆಂಪು ಚಂದನದ ವಾಸನೆ ಬರುತ್ತಿತ್ತು. ರಾಣಿಯ ಮೂಗು ಸವೆದು ಚಪ್ಪಟೆಯಾಗಿತ್ತು. ಒಮ್ಮೆ ನಾನು, "ಅಜ್ಜಿ, ರಾಜ ರಾಜ್ಯ ಆಳ್ತಾನೆ, ರಾಣಿ ಏನು ಮಾಡ್ತಾಳೆ?" ಎಂದು ಕೇಳಿದೆ. ಅಜ್ಜಿ ಸೆರಗು ಸರಿಮಾಡುತ್ತಲೇ, "ಪಕ್ಕದಲ್ಲಿ ನಿಂತ್ಕೋತಾಳೆ ಕಣೆ," ಎಂದರು. ರಾಣಿಯನ್ನು ಎತ್ತಿಕೊಂಡು ಹೋಗಿ ಬೇರೆ ಮೆಟ್ಟಿಲಲ್ಲಿ ಒಬ್ಬಳನ್ನೇ ನಿಲ್ಲಿಸಿದೆ. ಬೆನ್ನಿಗೆ ಏಟು ಬಿತ್ತು. ನನ್ನ ಇತಿಹಾಸದ ಅಧ್ಯಯನ ಶುರುವಾದದ್ದು ಹೀಗೆ.

ಇಸಬೆಲ್ಲಾ ಪಕ್ಕದಲ್ಲಿ ನಿಂತುಕೊಳ್ಳುವ ಪೈಕಿಯಲ್ಲ, ಅದು ಬೇರೆ ಮಾತು. ತನ್ನ ರಾಜ್ಯ ತನ್ನದೇ ಎಂದು ಮದುವೆಗೆ ಮೊದಲೇ ಬರೆಸಿಕೊಂಡ ಗಟ್ಟಿಗಿತ್ತಿ ಅವಳು. ಗಂಡ ಹೆಂಡತಿ ಸೇರಿ ಗ್ರನಾಡಾ ಗೆದ್ದರು, ಯಹೂದಿಗಳನ್ನು ಊರು ಬಿಡಿಸಿದರು, ಕೊಲಂಬಸ್ಸನಿಗೆ ಹಡಗು ಕೊಟ್ಟರು, ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಪೋರ್ಚುಗಲ್ಲಿಗೂ ಇಂಗ್ಲೆಂಡಿಗೂ ಫ್ಲಾಂಡರ್ಸಿಗೂ ಮದುವೆ ಮಾಡಿ ಕಳಿಸಿದರು. ಫ್ಲಾಂಡರ್ಸಿಗೆ ಹೋದವಳು ಜುವಾನಾ. ಅಣ್ಣ ಸತ್ತ, ಅಕ್ಕ ಸತ್ತಳು, ಅಕ್ಕನ ಕೂಸೂ ಸತ್ತಿತು. ಕ್ಯಾಸ್ಟೀಲಿನ ಸಿಂಹಾಸನ ಜುವಾನಾಳಿಗೆ ಬಂತು. ಇಸಬೆಲ್ಲಾ ಸಾಯುವಾಗ ರಾಜ್ಯವನ್ನು ಮಗಳ ಹೆಸರಿಗೇ ಬಿಟ್ಟಳು, ಜೊತೆಗೆ ಮಗಳಿಂದ ಆಗದಿದ್ದರೆ ಅಪ್ಪ ನೋಡಿಕೊಳ್ಳಲಿ ಎಂದೂ ಸೇರಿಸಿಟ್ಟಳು. ಆ ಒಂದು ಬಾಲಂಗೋಚಿ ಸಾಕಾಯಿತು. ಜುವಾನಾಳ ಗಂಡ ಸತ್ತ. ಅವಳು ದುಃಖದಲ್ಲಿ ಅವನ ಶವದ ಪೆಟ್ಟಿಗೆಯ ಜೊತೆ ಊರೂರು ತಿರುಗಿದಳು. ಫರ್ಡಿನಾಂಡ್ ಮಗಳಿಗೆ ಹುಚ್ಚು ಎಂದು ಹೇಳಿ, ಒಂದು ಊರಿನ ಅರಮನೆಯಲ್ಲಿ ಕೂಡಿಹಾಕಿ, ರಾಜ್ಯ ತಾನು ಆಳಿದ. ಅವನು ಸತ್ತ ಮೇಲೆ ಅವಳ ಮಗ ಚಾರ್ಲ್ಸ್ ಬಂದ. ತಾಯಿಯನ್ನು ಬಿಡಿಸಿದನೋ ಎಂದರೆ ಅದೂ ಇಲ್ಲ, ಬೀಗ ಹಾಗೇ ಇತ್ತು. ಅಪ್ಪ ಸತ್ತ ಸುದ್ದಿಯನ್ನು ಕೂಡ ಅವಳಿಗೆ ಹೇಳಬೇಡಿ ಎಂದು ಕಾವಲಿನವರಿಗೆ ಕಟ್ಟಪ್ಪಣೆ ಮಾಡಿದ. ಕಾಗದಗಳಲ್ಲೆಲ್ಲ ಮೊದಲು ತಾಯಿಯ ಹೆಸರು, ಆಮೇಲೆ ಮಗನ ಹೆಸರು. ಹೆಸರು ರಾಣಿಯದು, ಜೀವ ಕೋಣೆಯೊಳಗಿನದು. ಅವಳು ಅಲ್ಲೇ ಮುದುಕಿಯಾಗಿ ಸತ್ತಳು. ಅವಳ ಮೊಮ್ಮಗ ಪೋರ್ಚುಗಲ್ಲನ್ನೂ ನುಂಗಿದ ಕಾಲಕ್ಕೆ ಗೋವೆಯೂ ಆ ಮನೆಯದೇ, ಇಲ್ಲಿಯ ಮೊಂಬಾಸದ ಕೋಟೆಗೆ ಕಲ್ಲು ಹೊತ್ತದ್ದೂ ಆ ಮನೆಗೇ. ಇಷ್ಟಕ್ಕೆ ನಮ್ಮ ಪಠ್ಯಪುಸ್ತಕ ಕೊಟ್ಟದ್ದು ಒಂದೇ ವಾಕ್ಯ: ಜುವಾನಾ ಮಾನಸಿಕವಾಗಿ ಅಸ್ಥಿರಳಾಗಿದ್ದರಿಂದ ಅಧಿಕಾರವು ತಂದೆಗೂ ನಂತರ ಮಗನಿಗೂ ಬಂದಿತು. ಬಂದಿತಂತೆ. ಕಿಟಕಿಯಿಂದ ಗಾಳಿ ಬಂದ ಹಾಗೆ.

ಈ ವಾಕ್ಯದ ಮೇಲೆ ನನಗೆ ನಿಜವಾದ ಸಿಟ್ಟು ಹುಟ್ಟಿಸಿದವರು ಸೆವ್ರಿನ್ ಬಾಯಿ. ಅವರು ಸ್ಪೇನ್ ನೋಡಿದವರಲ್ಲ. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಪಾರ್ಕ್‌ಲ್ಯಾಂಡ್ಸಿನಲ್ಲಿ ನಮ್ಮ ಶಾಲೆಯ ಹಿಂದಿನ ರಸ್ತೆಯಲ್ಲಿ ಬೇಕರಿ ನಡೆಸುತ್ತಿದ್ದರು. ಬೇಕರಿ ಕಟ್ಟಿದ್ದು ಅವರ ತಾಯಿ. ಹಡಗಿನಲ್ಲಿ ಬಂದು, ಮನೆಯ ಹಿಂದಿನ ಶೆಡ್ಡಿನಲ್ಲಿ ಬನ್ನು ಸುಟ್ಟು ಮಾರಿ, ಆಮೇಲೆ ಒಲೆ ಕಟ್ಟಿಸಿದ ಹೆಂಗಸು. ತಂದೆ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಊರಿನ ಹಳೆಯ ರೂಢಿಯಂತೆ ಎಲ್ಲರೂ ಅವರನ್ನು ಪೊರ್ಬುಗಳು ಎಂದೇ ಕರೆಯುವುದು. ಹಿಟ್ಟಿಗೆ ಕೈ ಹಾಕಿದವರಲ್ಲ, ಆದರೆ ಬೇಕರಿಯ ಹೊರಗೆ ಕುರ್ಚಿ ಹಾಕಿಕೊಂಡು ಕೂತರೆ ಮಾಲೀಕರ ಹಾಗೆ ಕಾಣುತ್ತಿದ್ದರು. ತಾಯಿ ತೀರಿಕೊಳ್ಳುವಾಗ ಬೇಕರಿಯನ್ನು ಮಗಳ ಹೆಸರಿಗೇ ವಿಲ್ ಮಾಡಿಟ್ಟಿದ್ದರು. ಸೆವ್ರಿನ್ ಬಾಯಿಯ ಮಗ ಐವನ್ ನನ್ನ ವಿದ್ಯಾರ್ಥಿ, ಚುರುಕು ಹುಡುಗ. ಶಾಲೆ ಮುಗಿಸಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಇಂಗ್ಲೆಂಡಿಗೆ ಹೋದ.

ತೊಂಬತ್ತರ ದಶಕ ಶುರುವಾದ ಹೊಸತರಲ್ಲಿ ಸೆವ್ರಿನ್ ಬಾಯಿಯ ಗಂಡ ಹೃದಯಾಘಾತದಿಂದ ತೀರಿಕೊಂಡರು. ಸಣ್ಣ ಮಳೆ ಶುರುವಾಗಿ ಜಕರಂಡಾ ಹೂವು ಉದುರುತ್ತಿದ್ದ ಕಾಲ. ಕ್ರಿಸ್‌ಮಸ್ ಹತ್ತಿರದಲ್ಲಿತ್ತು. ಅವರಲ್ಲಿ ಒಂದು ಪದ್ಧತಿ ಉಂಟು. ಕ್ರಿಸ್‌ಮಸ್ಸಿಗೆ ಕುಸ್ವಾರ್ ಎಂದು ಮಾಡುತ್ತಾರೆ: ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸ್, ಹೀಗೆ ಬಗೆಬಗೆಯ ತಿಂಡಿ. ತಟ್ಟೆಯಲ್ಲಿ ಜೋಡಿಸಿ, ಮೇಲೆ ಕ್ರೋಶಾ ಬಟ್ಟೆ ಮುಚ್ಚಿ ಮನೆಮನೆಗೆ ಕಳಿಸುತ್ತಾರೆ. ಆದರೆ ಸಾವಾದ ಮನೆಯಲ್ಲಿ ಆ ವರ್ಷ ಎಣ್ಣೆ ಬಾಣಲೆ ಇಡುವುದಿಲ್ಲ. ಅಕ್ಕಪಕ್ಕದವರೇ ಅವರಿಗೆ ತಟ್ಟೆ ಕಳಿಸುತ್ತಾರೆ. ಆ ವರ್ಷ ಸೆವ್ರಿನ್ ಬಾಯಿ ಬಾಣಲೆ ಇಟ್ಟರು. ಕಪ್ಪು ಸೀರೆಯುಟ್ಟುಕೊಂಡು, ಬೇಕರಿಯ ಒಳಗೆ ನಿಂತು, ಎಂದಿಗಿಂತ ಹೆಚ್ಚೇ ಮಾಡಿದರು. ಗಿರಾಕಿಗಳಿಗೆ ಮಾರಿದ್ದಲ್ಲದೆ, ತಟ್ಟೆಗಳನ್ನೂ ಎಲ್ಲರ ಮನೆಗೆ ಕಳಿಸಿದರು. ನಮ್ಮ ಮನೆಗೆ ಅವರೇ ತಂದುಕೊಟ್ಟರು.

"ಜನ ಎಂತ ಹೇಳ್ತಾರೆ ಅಂತ ನನಗೆ ಗೊತ್ತುಂಟು ಟೀಚರ್," ಎಂದರು. "ಆದ್ರೆ ಒಂದು ವರ್ಷ ಒಲೆ ಆರಿಸಿದ್ರೆ ಗಿರಾಕಿಗಳು ಮುಂದಿನ ವರ್ಷ ಬರುದಿಲ್ಲ. ಅವರಿಗೆ ನನ್ನ ಗಂಡ ಸತ್ತದ್ದು ಎಂತ ಗೊತ್ತು? ಒಲೆ ಮುಂದೆ ನಿಂತ್ರೆ ಅಳು ಬಂದ್ರೂ ಹೊಗೆ ಅಂತ ಹೇಳಬಹುದು. ಮನೆಯಲ್ಲಿ ಕೂತ್ರೆ ಎಂತ ಹೇಳುದು?"

ನನಗಂತೂ ಅದರಲ್ಲಿ ವಿವೇಕವಲ್ಲದೆ ಬೇರೇನೂ ಕಾಣಲಿಲ್ಲ. ಆದರೆ ಜನವರಿ ಹೊತ್ತಿಗೆ ನಮ್ಮವರಲ್ಲೆಲ್ಲ ಮಾತು ಹರಡಿತ್ತು. ಗಂಡ ಸತ್ತ ವರ್ಷವೇ ಕುಸ್ವಾರ್ ಮಾಡಿದಳಂತೆ, ಪಾಪ, ತಲೆ ಸ್ವಲ್ಪ ಕೆಟ್ಟಿರಬೇಕು. ಹೇಳಿದವರು ಕೆಟ್ಟವರಲ್ಲ, ಅದೇ ನನ್ನ ಸಿಟ್ಟು. ಅವರೆಲ್ಲ ಅದೇ ಕಿಡಿಯೊ ತಿನ್ನುತ್ತಾ ಪಾಪ ಎಂದವರು.

ಐವನ್ ಅಷ್ಟರಲ್ಲಿ ಇಂಗ್ಲೆಂಡಿನಿಂದ ವಾಪಸು ಬಂದಿದ್ದ. ಅವನಿಗೊಂದು ಸಂಬಂಧ ಬಂದಿತ್ತು. ಹುಡುಗಿಯ ಮನೆಯವರಿಗೆ ನೈರೋಬಿಯ ಇನ್ನೊಂದು ಬಡಾವಣೆ ಕಿಲಿಮಾನಿಯಲ್ಲಿ ದೊಡ್ಡ ಅಂಗಡಿ. ಅಂಗಡಿಯೊಳಗೇ ಹೊಸ ಬೇಕರಿ ತೆರೆಯುವುದು, ಪಾರ್ಕ್‌ಲ್ಯಾಂಡ್ಸಿನ ಹಳೆಯ ಒಲೆ ಮುಚ್ಚಿ ಜಾಗ ಮಾರುವುದು, ವ್ಯಾಪಾರವೆಲ್ಲ ಹುಡುಗನ ಹೆಸರಿಗೆ ಬಂದ ಮೇಲೆ ನಿಶ್ಚಿತಾರ್ಥ ಎಂದು ಮಾತಾಗಿತ್ತು. ಪೊರ್ಬುಗಳು ಒಪ್ಪಿದ್ದರು. ಐವನ್ ಒಪ್ಪಿದ್ದ. ಬೇಕರಿ ಯಾರದೋ ಅವರನ್ನು ಮಾತ್ರ ಕೇಳಿರಲಿಲ್ಲ. ಗೊತ್ತಾದಾಗ ಸೆವ್ರಿನ್ ಬಾಯಿ ಚರ್ಚಿನ ಅಂಗಳದಲ್ಲೇ ಅಪ್ಪನ ಮುಂದೆ ಗಟ್ಟಿಯಾಗಿ, "ಅಮ್ಮನ ಒಲೆ ಆರಿಸಲಿಕ್ಕೆ ನಾನು ಬಿಡುದಿಲ್ಲ," ಎಂದು ಕೂಗಿದರು. ಮೂಗಿನ ಮೇಲೆ ಬೆರಳಿಟ್ಟುಕೊಳ್ಳುವವರಿಗೆ ಇನ್ನೇನು ಬೇಕು?

ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಪೊರ್ಬುಗಳು ನನ್ನನ್ನೂ ನಮ್ಮ ಯಜಮಾನರನ್ನೂ ಮನೆಗೆ ಕರೆದರು. ನಮ್ಮ ಯಜಮಾನರು ವೈದ್ಯರು. ಸೆವ್ರಿನ್ ಬಾಯಿಗೆ ಗಂಡ ಸತ್ತ ಹೊಸತರಲ್ಲಿ ನಿದ್ದೆ ಮಾತ್ರೆ ಬರೆದುಕೊಟ್ಟವರು ಅವರೇ. ನಡುಮನೆಯಲ್ಲಿ ಪೊರ್ಬುಗಳು, ಐವನ್, ನಾವಿಬ್ಬರು. ಸೆವ್ರಿನ್ ಬಾಯಿ ಅಡಿಗೆಮನೆಯಲ್ಲಿ ಚಹಾ ಮಾಡುತ್ತಿದ್ದರು. ಅವರ ವಿಷಯ ಮಾತಾಡುವಾಗ ಅವರಿಂದಲೇ ಚಹಾ ಮಾಡಿಸುತ್ತಿದ್ದರು, ನೋಡಿ.

"ಡಾಕ್ಟ್ರೇ, ನೀವೇ ಹೇಳಿ. ಅವಳಿಗೆ ಈಗ ಇದೆಲ್ಲ ತಲೆಬಿಸಿ ಬೇಕಾ? ಊರಲ್ಲಿ ನನ್ನ ಅಣ್ಣನ ಮನೆ ಉಂಟು. ಹೋಗಿ ಆರಾಮ ಇರಲಿ," ಎಂದರು ಪೊರ್ಬುಗಳು.

ನಮ್ಮ ಯಜಮಾನರು ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಸಾಲಕ್ಕೆ ಬಂದವರಿಗೆ 'ನೋಡೋಣ', ಜಗಳಕ್ಕೆ ಬಂದವರಿಗೆ 'ಅದೂ ಸರಿ'. ಕನ್ನಡಕ ಒರೆಸಿಕೊಂಡು, "ವಿಶ್ರಾಂತಿ ತಗೊಂಡ್ರೆ ಯಾರಿಗಾದ್ರೂ ಒಳ್ಳೇದೇ," ಎಂದರು.

ಅಷ್ಟೇ. ಐವನ್ ತಾತನ ಮುಖ ನೋಡಿದ. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ರೀ ಹಾಗಂದ್ರೆ? ಅವರಿಗೆ ಕಾಯಿಲೆ ಇದೆಯಾ ಇಲ್ವಾ? ನೇರವಾಗಿ ಹೇಳಿ," ಎಂದೆ.

"ಕಾಯಿಲೆ ಅಂತ ನಾನೆಲ್ಲಿ ಅಂದೆ? ದುಃಖದಲ್ಲಿದ್ದಾರೆ. ಸಹಜ."

"ಹಾಗಾದ್ರೆ ಅದನ್ನ ಹೇಳಿ. ದುಃಖ, ಹುಚ್ಚಲ್ಲ ಅಂತ ಬಾಯಿಬಿಟ್ಟು ಹೇಳಿ."

ಐವನ್, "ಮಿಸ್, ಪ್ಲೀಸ್. ನಾವು ಹುಚ್ಚು ಅನ್ನೋ ವರ್ಡೇ ಯೂಸ್ ಮಾಡಿಲ್ಲ," ಎಂದ. ಬಹಳ ನಯವಾಗಿ ಹೇಳಿದ. ಅವರು ಆ ಶಬ್ದ ಬಳಸಿಯೇ ಇರಲಿಲ್ಲ. ಫರ್ಡಿನಾಂಡನೂ ಮಗಳ ಮುಂದೆ ಬಳಸಿರಲಿಕ್ಕಿಲ್ಲ.

ಸೆವ್ರಿನ್ ಬಾಯಿ ಚಹಾ ತಂದರು. ಎಲ್ಲರಿಗೂ ಕೊಟ್ಟರು. ಮಗನ ಕಪ್ಪಿಗೆ ಸಕ್ಕರೆ ಹೆಚ್ಚು ಹಾಕಿದ್ದರು, ಅವನಿಗೆ ಹಾಗೇ ಇಷ್ಟ. ಮರುದಿನದಿಂದಲೇ ಡಾಕ್ಟರರೇ ವಿಶ್ರಾಂತಿ ಬೇಕೆಂದಿದ್ದಾರೆ ಎಂಬ ಸುದ್ದಿ ಪಾರ್ಕ್‌ಲ್ಯಾಂಡ್ಸೆಲ್ಲ ಓಡಾಡಿತು. ನಮ್ಮ ಮನೆಯಲ್ಲಿ ಬಹಳ ದಿನ ಒಗ್ಗರಣೆಯಿಲ್ಲದ ಸಾರು. ಯಜಮಾನರು ಅದನ್ನೇ ಉಂಡರು. ಯಾಕೆಂದು ಅವರಿಗೂ ಗೊತ್ತಿತ್ತು. ಕೊನೆಗೊಂದು ದಿನ ತಾವೇ ಪೊರ್ಬುಗಳ ಮನೆಗೆ ಹೋಗಿ, ಸೆವ್ರಿನ್ ಬಾಯಿಗೆ ಯಾವ ಕಾಯಿಲೆಯೂ ಇಲ್ಲ ಎಂದು ಹೇಳಿಬಂದರು. ಪೊರ್ಬುಗಳು, "ನೀವು ಒಳ್ಳೆಯವರು, ಹಾಗೆ ಹೇಳ್ತೀರಿ," ಎಂದರಂತೆ.

ನಾನು ಸುಮ್ಮನೆ ಕೂರುವವಳಲ್ಲ. ನಮ್ಮ ಪರಿಚಯದ ವಕೀಲರೊಬ್ಬರನ್ನು ವಿಚಾರಿಸಿದೆ. ಆಕೆಯಿಂದ ಆಗದು ಎಂದು ಪೊರ್ಬುಗಳು ಕಾಗದ ಮಾಡಿಸುತ್ತಿದ್ದರೂ ವಿಲ್ ಸ್ಪಷ್ಟವಾಗಿದೆ, ಆಕೆ ಒಂದು ಸಲ ಬಂದು ನನಗೆ ಒಪ್ಪಿಗೆಯಿಲ್ಲ ಎಂದು ಸಹಿ ಮಾಡಿದರೆ ಸಾಕು, ಯಾರೂ ಬೇಕರಿ ಮುಟ್ಟಲಾರರು ಎಂದರು. ಸೆವ್ರಿನ್ ಬಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಒಳ್ಳೆಯ ಸೀರೆ ಉಟ್ಟಿದ್ದರು, ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ವಕೀಲರ ಆಫೀಸಿನ ಮುಂದೆ ಕಾರು ನಿಲ್ಲಿಸಿ ನಾನು ಇಳಿದೆ. ಅವರು ಇಳಿಯಲಿಲ್ಲ.

"ಬನ್ನಿ," ಎಂದೆ.

"ಕೂತ್ಕೊಳ್ಳಿ ಟೀಚರ್, ಒಂದು ನಿಮಿಷ," ಎಂದರು.

ಮತ್ತೆ ಒಳಗೆ ಕೂತೆ. ಹೊರಗೆ ಪೇಪರ್ ಮಾರುವವನು ಗಾಜಿಗೆ ಪೇಪರ್ ಒತ್ತಿ ಹಿಡಿದು ತೋರಿಸುತ್ತಿದ್ದ. ಅವನು ಹೋದ ಮೇಲೆ ಸೆವ್ರಿನ್ ಬಾಯಿ ನನ್ನ ಕಡೆ ತಿರುಗಿದರು.

"ನಾನು ಸಹಿ ಹಾಕಿದ್ರೆ ಕೋರ್ಟಿಗೆ ಹೋಗ್ತದೆ, ಅಲ್ವಾ?"

"ಹೋಗಬಹುದು. ಹೋದ್ರೆ ನೀವೇ ಗೆಲ್ತೀರಿ."

"ತಾಯಿ ಮಗ ಕೋರ್ಟಿಗೆ ಹೋದದ್ದು ಅಂತ ಆಗ್ತದೆ. ಆಮೇಲೆ ಅವನಿಗೆ ಹೆಣ್ಣು ಯಾರು ಕೊಡ್ತಾರೆ ಟೀಚರ್?"

ನಾನು ಏನೇನೋ ಅಂದೆ. ಅವನು ನಿಮ್ಮನ್ನು ಊರು ಬಿಡಿಸುತ್ತಿದ್ದಾನೆ, ನೀವು ಅವನ ಮದುವೆಯ ಚಿಂತೆ ಮಾಡುತ್ತೀರಲ್ಲ ಎಂದೆ. ನಿಮ್ಮ ಅಮ್ಮನ ಒಲೆ ಎಂದೆ. ದನಿ ಏರಿತು, ರಸ್ತೆಯ ಮೇಲಿನವರು ಬಗ್ಗಿ ನೋಡಿದರು. ಅವರು ನನ್ನ ಮೊಣಕೈ ಮೇಲೆ ಕೈಯಿಟ್ಟು, "ಮನೆಗೆ ಬಿಡಿ," ಎಂದರು.

ಜುವಾನಾಳ ಕಥೆಯಲ್ಲಿ ಇಂಥದೊಂದು ಘಟ್ಟ ಬರುತ್ತದೆ. ಚಾರ್ಲ್ಸನ ಮೇಲೆ ಜನ ದಂಗೆಯೆದ್ದರು. ನೇರ ಜುವಾನಾ ಇದ್ದ ಅರಮನೆಗೆ ನುಗ್ಗಿ, ನೀನೇ ನಮ್ಮ ರಾಣಿ, ಇದಕ್ಕೊಂದು ಸಹಿ ಹಾಕು, ನಿನ್ನ ಮಗನ ಆಟ ಮುಗಿಯುತ್ತದೆ ಎಂದು ಕಾಗದ ಮುಂದಿಟ್ಟರು. ಅವಳು ಹಾಕಲಿಲ್ಲ. ಸ್ಪೇನ್ ಉಳಿಯಿತು, ಮಗ ಚಕ್ರವರ್ತಿಯಾಗಿ ಮೆರೆದ, ತಾಯಿ ಮತ್ತೆ ಕೋಣೆ ಸೇರಿದಳು. ಯಾಕೆ ಹಾಕಲಿಲ್ಲ ಎಂದು ಪ್ರತಿ ವರ್ಷ ತರಗತಿಯಲ್ಲಿ ಯಾರಾದರೂ ಕೇಳುತ್ತಿದ್ದರು. ಪುಸ್ತಕದಲ್ಲಿ ಅವಳ ಅಸ್ಥಿರ ಮನಸ್ಸು ಎಂದಿದೆ. ಪುಸ್ತಕ ಬರೆದವರನ್ನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಬೇಕಿತ್ತು. ಅಮೆರಿಕದ ಬೆಳ್ಳಿ, ಸೈನ್ಯ, ಆಡಳಿತ ಎಂದು ಸ್ಪೇನಿನ ಏಳಿಗೆಗೆ ಕಾರಣಗಳನ್ನು ಬರೆಯುತ್ತಾರಲ್ಲ, ತಾಯಿಯೊಬ್ಬಳು ಸಹಿ ಹಾಕದೆ ಸುಮ್ಮನಿದ್ದದ್ದನ್ನು ಯಾವ ಪರೀಕ್ಷೆಯಲ್ಲೂ ಯಾರೂ ಬರೆಯುವುದಿಲ್ಲ. ಬರೆದರೆ ಅಂಕ ಕೊಡುವವರಿಲ್ಲ. ನಾನು ಕೊಡುತ್ತಿದ್ದೆ.

ಸೆವ್ರಿನ್ ಬಾಯಿ ಆ ವರ್ಷದ ದೊಡ್ಡ ಮಳೆಗೆ ಮುಂಚೆ ಊರಿಗೆ ಹೋದರು. ಏರ್‌ಪೋರ್ಟಿಗೆ ಬೇಕರಿಯ ಹುಡುಗಿಯರೆಲ್ಲ ಬಂದಿದ್ದರು, "ಪೋಲೆ ಮಾಮಾ, ಪೋಲೆ," ಎಂದು, ಅಯ್ಯೋ ಅಮ್ಮಾ ಎಂಬುದನ್ನು ಸ್ವಾಹಿಲಿಯಲ್ಲಿ ಹೇಳುತ್ತಾ ಅತ್ತರು. ನಮ್ಮವರು ಅನೇಕರು ಬರಲಿಲ್ಲ. ಅವರಿಗೆ ಆಯಾಸವಾಗಬಾರದು ಎಂದು ಕಾರಣ ಕೊಟ್ಟರು. ಐವನ್ ಸೂಟ್‌ಕೇಸು ತಳ್ಳಿಕೊಂಡು ಬಂದ. ಒಲೆಯನ್ನು ಒಡೆದರು, ಜಾಗ ಹೋಯಿತು, ಮದುವೆ ವಿಜೃಂಭಣೆಯಿಂದ ಆಯಿತು. ನಾನು ಹೋಗಲಿಲ್ಲ. ಯಜಮಾನರು ಹೋಗಿ, ಊಟ ಮಾಡದೆ ಬಂದರು. ಅಷ್ಟು ಧೈರ್ಯ ಅವರಿಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ರಜೆಗೆ ಊರಿಗೆ ಹೋದಾಗ ಮೈಸೂರಿನಿಂದ ಬಸ್ಸು ಹಿಡಿದು ಮಂಗಳೂರಿಗೆ ಹೋದೆ. ಪೊರ್ಬುಗಳ ಅಣ್ಣನ ಮನೆ ಚೆನ್ನಾಗಿತ್ತು, ಸುತ್ತ ಹೂವಿನ ಕುಂಡ. ಆ ಮನೆಯ ಸೊಸೆ ಬಾಗಿಲು ತೆರೆದು, ಆದರದಿಂದ ಒಳಗೆ ಕರೆದು, ಮೆಟ್ಟಿಲು ಹತ್ತುವಾಗ ತಗ್ಗಿದ ದನಿಯಲ್ಲಿ, "ಬೇಕರಿ ಒಡೆದದ್ದು ಅವರಿಗೆ ಹೇಳ್ಬೇಡಿ. ಐವನ್ ನಡೆಸ್ತಾ ಇದ್ದಾನೆ ಅಂತ ಹೇಳಿದ್ದೇವೆ," ಎಂದಳು. ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಅವಳು ನನಗೆ ಮಂಡಿ ನೋವು ಎಂದುಕೊಂಡಳು.

ಸೆವ್ರಿನ್ ಬಾಯಿ ಮೇಲಿನ ಕೋಣೆಯಲ್ಲಿದ್ದರು. ಬಾಗಿಲಿಗೆ ಬೀಗವೇನೂ ಇರಲಿಲ್ಲ. ಮಂಚ, ಕಿಟಕಿ, ಏಸುವಿನ ಪಟ, ಮೇಜಿನ ಮೇಲೆ ಮಾತ್ರೆಯ ಡಬ್ಬಿ. ದಪ್ಪಗಾಗಿದ್ದರು. ಒಂದೊಂದು ಮಾತನ್ನೂ ಹುಡುಕಿ ಆಡುತ್ತಿದ್ದರು. ನನ್ನ ಮಗಳ ಹೆಸರು ನೆನಪಿಟ್ಟು ಕೇಳಿದರು. ನೈರೋಬಿಯಲ್ಲಿ ಹಿಟ್ಟಿನ ಬೆಲೆ ಕೇಳಿದರು. ಐವನನಿಗೆ ಮಗುವಾಯಿತಂತೆ, ಯಾರ ಹಾಗೆ ಉಂಟು ಎಂದು ಕೇಳಿದರು. ಹೇಳಿದೆ. ಬೇಕರಿಯ ವಿಷಯ ಅವರು ಕೇಳಲಿಲ್ಲ. ಅವರಿಗೆ ಗೊತ್ತಿತ್ತು ಎಂದು ಅವರು ಕೇಳದಿದ್ದುದರಿಂದಲೇ ನನಗೆ ತಿಳಿಯಿತು.

ನನ್ನಿಂದ ತಡೆಯಲಾಗಲಿಲ್ಲ. "ಬಾಯಿ, ನಿಮಗೆ ಸಿಟ್ಟೇ ಬರಲ್ವಾ?" ಎಂದೆ.

ಅವರು ಬಾಗಿಲ ಕಡೆ ನೋಡಿದರು. ಸೊಸೆ ಕೆಳಗೆ ಹೋಗಿದ್ದಳು.

"ಬರ್ತದೆ ಟೀಚರ್. ದಿನಾ ಬರ್ತದೆ. ಆದ್ರೆ ತೋರಿಸುವ ಹಾಗಿಲ್ಲ. ಸ್ವಲ್ಪ ದನಿ ಎತ್ತಿದ್ರೂ ಅವತ್ತು ಒಂದು ಮಾತ್ರೆ ಜಾಸ್ತಿ." ಮೇಜಿನ ಮೇಲಿನ ಡಬ್ಬಿಯನ್ನು ಗೋಡೆಯ ಕಡೆಗೆ ಸರಿಸಿದರು. "ಸಿಟ್ಟು ನೀವು ಮಾಡ್ಕೊಳ್ಳಿ. ನಿಮಗೆ ಯಾರೂ ಮಾತ್ರೆ ಕೊಡುದಿಲ್ಲ."